ಪ್ರತಿ ಎಲ್ಲಿರಬೇಕು?

ಚನ್ನಗಿರಿ, ಹೊನ್ನಾಳಿಗಳ ಹಳ್ಳಿಗಾಡಿನಲ್ಲಿ ತಿರುಗಾಡಿದವರು ಗುಡಿಯ ಮಗ್ಗುಲಲ್ಲೋ ಕೆರೆಯ ಏರಿಯ ಮೇಲೋ ವಾಲಿ ನಿಂತ ಶಾಸನದ ಕಲ್ಲನ್ನು ಕಂಡೇ ಇರುತ್ತಾರೆ. ಇಂಥ ದಾನಶಾಸನಗಳ ಕೊನೆಯಲ್ಲಿ, ಈ ಧರ್ಮವನ್ನು ಕೆಡಿಸಿದವನು ಅರುವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂಬ ಶಾಪವನ್ನು ಕೆತ್ತಿಸುವುದು ವಾಡಿಕೆ. ಕೆತ್ತಿಸಿದವನು ನಂಬಿದ ಕಾವಲು ಅದು. ಆದರೆ ಆ ಬರಹ ನಮ್ಮವರೆಗೆ ಉಳಿದು ಬಂದುದು ಶಾಪದಿಂದಲ್ಲ, ಪ್ರತಿಯಿಂದ. ಬಿ. ಎಲ್. ರೈಸ್ ಅವರು ಊರೂರಿನ ಕಲ್ಲುಗಳ ಬರಹವನ್ನು ಕಾಗದಕ್ಕೆ ಇಳಿಸಿ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಹೊನ್ನಾಳಿ, ಚನ್ನಗಿರಿಗಳ ಶಾಸನಗಳು ಶಿವಮೊಗ್ಗದ ಜೊತೆಗೆ 7ನೆಯ ಸಂಪುಟದಲ್ಲಿವೆ. ಜಗಳೂರಿನವು ಚಿತ್ರದುರ್ಗದ ಜೊತೆಗೆ 11ನೆಯದರಲ್ಲಿ. ಮುಂದೆ 1997ರಲ್ಲಿ ಈ ತಾಲ್ಲೂಕುಗಳು ದಾವಣಗೆರೆ ಜಿಲ್ಲೆಗೆ ಸೇರಿದವು. ಇತ್ತೀಚೆಗೆ ನ್ಯಾಮತಿಯು ಹೊನ್ನಾಳಿಯಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾಯಿತು. ಎಲ್ಲೆಗಳು ಬದಲಾದವು, ಎಷ್ಟೋ ಕಲ್ಲುಗಳು ಸವೆದವು. ಪುಟ ಮಾತ್ರ ಉಳಿದಿದೆ.

ಇದೇ ಪ್ರಶ್ನೆ ಈಗ ಇನ್ನೊಂದು ಬಗೆಯ ಬರಹಕ್ಕೆ ಒದಗಿದೆ. ಈ ಶತಮಾನದ ಮೊದಲ ದಶಕದಲ್ಲಿ, ಕನ್ನಡಕ್ಕೆ ಯೂನಿಕೋಡ್ ಬಳಕೆಗೆ ಬಂದ ಮೇಲೆ, ನಮ್ಮವರು ಹುರುಪಿನಿಂದ ಬ್ಲಾಗುಗಳನ್ನು ಬರೆಯತೊಡಗಿದರು. ಯಾವ ಪ್ರಕಾಶಕನ ಬಾಗಿಲನ್ನೂ ತಟ್ಟದೆ, ಊರಿನ ಜಾತ್ರೆಯನ್ನು, ಬೇಸಾಯದ ಮಾತುಗಳನ್ನು, ಅಜ್ಜಿಯ ಕಥೆಯನ್ನು ಬರೆದಿಟ್ಟರು. ಇವುಗಳಲ್ಲಿ ಹಲವು ಯಾವ ಪುಸ್ತಕದಲ್ಲಿಯೂ ಇಲ್ಲ.

ನನ್ನ ಮಿತ್ರರಾದ ಉಪಾಧ್ಯಾಯರೊಬ್ಬರು ಹೊಳೆದಂಡೆಯ ಹೊಲಗಳಿಗಿರುವ ಹೆಸರುಗಳನ್ನು ಹೀಗೆಯೇ ಹಲವು ವರ್ಷ ಬರೆದಿಟ್ಟರು. ಅವರು ತೀರಿಕೊಂಡರು. ಖಾತೆಯ ಗುಪ್ತಪದ ಅವರೊಡನೆಯೇ ಹೋಯಿತು. ಬರಹವು ಇಂದಿಗೂ ತೆರೆಯುತ್ತದೆ. ಆದರೆ ಚಿತ್ರಗಳನ್ನು ಅವರು ಇರಿಸಿದ್ದ ಮತ್ತೊಂದು ತಾಣ ಮುಚ್ಚಿಹೋದುದರಿಂದ, ಹೊಲದ ಬದುಗಳಿರಬೇಕಾದೆಡೆಯಲ್ಲಿ ಬರಿಯ ಚೌಕಗಳು ಕಾಣುತ್ತವೆ. ಕಲ್ಲು ನಿಂತಿದೆ, ಅಕ್ಷರ ಉದುರುತ್ತಿದೆ.

ಇದು ಒಬ್ಬರ ದುರದೃಷ್ಟವೆಂದು ಸುಮ್ಮನಿರಲಾಗದು. ಜಗತ್ತಿನ ದೊಡ್ಡ ದೊಡ್ಡ ಛತ್ರಗಳೇ ಬಾಗಿಲು ಹಾಕಿವೆ. ಯಾಹೂ ಸಂಸ್ಥೆಯ ಜಿಯೋಸಿಟೀಸ್ ಅಮೆರಿಕದಲ್ಲಿ 2009ರಲ್ಲಿ ಮುಚ್ಚಿತು. ನಮ್ಮ ಹುಡುಗರು ಹಗಲಿರುಳು ಕುಳಿತಿದ್ದ ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ, ಗೂಗಲ್ ಪ್ಲಸ್ 2019ರ ಏಪ್ರಿಲಿನಲ್ಲಿ ಮುಗಿದವು. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿತು. ಬಾಡಿಗೆಯಿಲ್ಲದ ಮನೆಯಲ್ಲಿ ಇರುವವನು ಮನೆಯೊಡೆಯನ ಮನಸ್ಸನ್ನು ನೆಚ್ಚಿ ಕೂರಬಾರದು.

ಹಾಗಾದರೆ ಉಪಾಯವಿಲ್ಲವೇ? ಉಂಟು. ಬ್ಲಾಗರ್, ವರ್ಡ್‌ಪ್ರೆಸ್‌ಗಳೆರಡರಲ್ಲಿಯೂ ಬರೆದುದೆಲ್ಲವನ್ನೂ ಒಂದೇ ಕಡತವಾಗಿ ಇಳಿಸಿಕೊಳ್ಳಬಹುದು. ಕೈಯಿಂದ ಮಾಡಲು ಮರೆಯುವವರಿಗೆ ಯಂತ್ರವೇ ಲಿಪಿಕಾರನಾಗುತ್ತದೆ. ಗೂಗಲ್‌ನ ಟೇಕೌಟ್ ಸೇವೆಗೆ ಒಮ್ಮೆ ಹೇಳಿಟ್ಟರೆ ಸಾಕು, ಎರಡು ತಿಂಗಳಿಗೊಮ್ಮೆ ನಮ್ಮ ಬರಹಗಳ ಪ್ರತಿಯೊಂದನ್ನು ತೆಗೆದು, ಡ್ರೈವ್, ಡ್ರಾಪ್‌ಬಾಕ್ಸ್, ಒನ್‌ಡ್ರೈವ್ ಮೊದಲಾದ ಕ್ಲೌಡ್ ಭಂಡಾರಗಳಲ್ಲಿ ನಾವು ಹೇಳಿದ ಕಡೆಗೆ ತಾನಾಗಿಯೇ ಮುಟ್ಟಿಸುತ್ತದೆ. ಇಷ್ಟು ನಿಷ್ಠೆಯ ಲಿಪಿಕಾರ ಹಿಂದಿನ ಕವಿಗಳಿಗೆ ಸಿಕ್ಕಿದ್ದರೆ ಕನ್ನಡದಲ್ಲಿ ಹೆಸರಷ್ಟೇ ಉಳಿದ ಕಾವ್ಯಗಳು ಇಷ್ಟೊಂದು ಇರುತ್ತಿರಲಿಲ್ಲ.

ಆದರೂ ಈ ಲಿಪಿಕಾರನ ಕೈಗೆ ಎಲ್ಲವನ್ನೂ ಒಪ್ಪಿಸಿ ನಿದ್ದೆಹೋಗಬಾರದೆಂಬುದೇ ನನ್ನ ವಾದ. ಅವನ ಕರಾರು ಒಂದು ವರ್ಷದ್ದು. ಆರು ಪ್ರತಿ ಬರೆದು ಅವನು ಸುಮ್ಮನಾಗುತ್ತಾನೆ, ಮತ್ತೆ ಹೇಳಬೇಕಾದವರು ನಾವು. ಬ್ಲಾಗೂ ಡ್ರೈವೂ ಒಂದೇ ಖಾತೆಯವಾಗಿದ್ದರೆ, ಖಾತೆ ಹೋದ ದಿನ ಮೂಲವೂ ಪ್ರತಿಯೂ ಒಟ್ಟಿಗೆ ಹೋಗುತ್ತವೆ. ಅದು ಒಂದೇ ಪೆಟ್ಟಿಗೆಯಲ್ಲಿಟ್ಟ ಎರಡು ಓಲೆಗರಿ. ಇನ್ನು ಇಳಿಸಿಕೊಂಡ ಕಡತದಲ್ಲಿ ಚಿತ್ರದ ಬದಲು ಚಿತ್ರವಿರುವ ವಿಳಾಸವಷ್ಟೇ ಇರುವುದುಂಟು. ಯಂತ್ರವು ಬರೆಯುತ್ತದೆ, ಓದುವುದಿಲ್ಲ. ಯೂನಿಕೋಡಿಗೆ ಮುಂಚೆ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಬರೆದ ಕಡತಗಳನ್ನು ಇಂದು ತೆರೆದು ನೋಡಿದವರಿಗೆ ಈ ಮಾತು ತಿಳಿದೀತು; ಕಡತ ಇದ್ದೇ ಇದೆ, ಅಕ್ಷರ ಮಾತ್ರ ಕನ್ನಡವಾಗಿ ಕಾಣುವುದಿಲ್ಲ.

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದಳೆಂಬುದು ನಮ್ಮ ವಿದ್ಯಾರ್ಥಿಗಳೆಲ್ಲ ಓದುವ ಸಂಗತಿ. ನಾವು ಆ ಸಾವಿರವೆಂಬ ಸಂಖ್ಯೆಯನ್ನು ಕೊಂಡಾಡುತ್ತೇವೆ. ಅದಕ್ಕಿಂತ ದೊಡ್ಡದು, ಅವಳು ಅವನ್ನು ತನ್ನ ಭಂಡಾರದಲ್ಲಿ ಪೇರಿಸಿಡಲಿಲ್ಲ, ದಾನ ಮಾಡಿದಳು ಎಂಬುದು. ಸಾವಿರವೂ ಒಂದೇ ಮನೆಯಲ್ಲಿದ್ದರೆ ಒಂದು ಬೆಂಕಿಗೆ ಒಂದೇ ತುತ್ತು. ಪ್ರತಿಯು ಇನ್ನೊಬ್ಬರ ಮನೆ ಸೇರಿದಾಗಲೇ ಪ್ರತಿ.

ಇಷ್ಟೆಲ್ಲ ಕಾಪಾಡಬೇಕೇ, ಜೊಳ್ಳೂ ಇದೆಯಲ್ಲ ಎಂದು ಕೇಳುವವರಿದ್ದಾರೆ. ಜೊಳ್ಳು ಯಾವುದು, ಕಾಳು ಯಾವುದು ಎಂಬುದನ್ನು ಬರೆದ ಕಾಲವೇ ನಿರ್ಣಯಿಸಲಾರದು. ಯಾವುದೋ ಗುಡಿಯ ದೀಪಕ್ಕೆ ಬಿಟ್ಟ ಗದ್ದೆಯ ಲೆಕ್ಕವನ್ನು ಕಲ್ಲಿಗೆ ಹಾಕಿದವನು, ಅದು ಮುಂದೆ ಚರಿತ್ರೆಯ ಆಧಾರವಾದೀತೆಂದು ಎಣಿಸಿದ್ದನೇ? ಬರೆದವನಿಗೆ ತನ್ನದನ್ನು ಅಳಿಸಿಹಾಕುವ ಹಕ್ಕೂ ಉಂಟೆಂಬುದು ನ್ಯಾಯವಾದ ಮಾತು; ಆದುದರಿಂದಲೇ ಅವನು ಬದುಕಿರುವಾಗ ಅವನ ಒಪ್ಪಿಗೆ ಪಡೆದು ಈ ಕೆಲಸ ನಡೆಯಬೇಕು.

ಜಗಳೂರು, ನ್ಯಾಮತಿಗಳಂಥ ಊರುಗಳ ಕಾಲೇಜುಗಳ ಕನ್ನಡ ವಿಭಾಗಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳಬಾರದೇ? ತಮ್ಮ ಸೀಮೆಯಲ್ಲಿ ಬ್ಲಾಗು ಬರೆದವರನ್ನು ಹುಡುಕಿ, ಅವರ ಒಪ್ಪಿಗೆಯಿಂದ ಕಡತದ ಒಂದು ಪ್ರತಿಯನ್ನು ಚಿತ್ರಗಳ ಸಮೇತ ಗ್ರಂಥಾಲಯದಲ್ಲಿ ಇರಿಸಿಕೊಳ್ಳಲಿ. ವರ್ಷಕ್ಕೊಮ್ಮೆ ಒಬ್ಬ ವಿದ್ಯಾರ್ಥಿ ಅದನ್ನು ತೆರೆದು, ಅಕ್ಷರ ಸರಿಯಾಗಿ ಕಾಣುವುದೇ ಎಂದು ಒಂದೆರಡು ಪುಟ ಓದಲಿ. ಖರ್ಚು ಅಲ್ಪ, ಬೇಕಾದುದು ನೆನಪು.

ನನ್ನ ಮಿತ್ರರ ಬರಹಗಳನ್ನು ಅವರ ಮನೆಯವರ ಅನುಮತಿ ಪಡೆದು ಒಂದೊಂದಾಗಿ ನಕಲು ಮಾಡಿಕೊಂಡಿದ್ದೇನೆ. ಹೊಲಗಳ ಹೆಸರು ಉಳಿದಿವೆ. ಯಾವ ಹೆಸರು ಯಾವ ಹೊಲದ್ದೆಂದು ತೋರಿಸುತ್ತಿದ್ದ ಚಿತ್ರಗಳು ಮಾತ್ರ ಇಲ್ಲ.