ಮಳೆಯೊಡನೆ ಇಳಿಯುವುದು

ಜೂನ್ ತಿಂಗಳ ಮೊದಲ ಮಳೆಗೆ ಮಗರಪಟ್ಟಾದ ಬಾಲ್ಕನಿಗಳಲ್ಲಿ ಕೈಚಾಚಿ ನಿಲ್ಲುವವರಲ್ಲಿ ಕನ್ನಡಿಗರೂ ಕಡಿಮೆಯಿಲ್ಲ. ಆ ಮಳೆಯ ಗತಿಯನ್ನು ಅಳೆಯುವ ದೇಶದ ಎರಡು ಮುಖ್ಯ ನೆಲೆಗಳು ಇದೇ ಪುಣೆಯಲ್ಲಿವೆ. ಒಂದು, ಶಿವಾಜಿನಗರದ 'ಸಿಮ್ಲಾ ಆಫೀಸು'. 1928ರಲ್ಲಿ ಹವಾಮಾನ ಇಲಾಖೆಯ ಕಚೇರಿ ಸಿಮ್ಲಾದಿಂದ ಇಲ್ಲಿಗೆ ಬಂದುದರಿಂದ ಆ ಹೆಸರು. ಇನ್ನೊಂದು, ಪಾಷಾಣ್‌ನಲ್ಲಿರುವ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ. ಈ ಸಂಸ್ಥೆಯಿರುವ ರಸ್ತೆಗೆ ಹೋಮಿ ಭಾಭಾ ಅವರ ಹೆಸರು. ಮುಂಗಾರಿನ ಅಧ್ಯಯನವು ಅಣುವಿಜ್ಞಾನಿಯೊಬ್ಬರ ಹೆಸರಿನ ರಸ್ತೆಯಲ್ಲಿ ನಡೆಯುತ್ತಿರುವುದು ಆಕಸ್ಮಿಕವಿರಬಹುದು. ಆದರೆ ಮುಂಗಾರಿಗೂ ಅಣುಬಾಂಬಿಗೂ ಇರುವ ನಂಟು ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ.

1954ರ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ಸಿಡಿಸಿದ ಜಲಜನಕ ಬಾಂಬಿನ ಬೂದಿ, ದೂರದಲ್ಲಿದ್ದ ಜಪಾನಿ ಮೀನುಗಾರರ ಮೇಲೆ ಸುರಿಯಿತು. ಒಂದೇ ತಿಂಗಳಲ್ಲಿ, ಏಪ್ರಿಲ್ 2ರಂದು, ನೆಹರೂ ಅವರು ಲೋಕಸಭೆಯಲ್ಲಿ ಇಂತಹ ಪ್ರಯೋಗಗಳನ್ನು ಸ್ಥಗಿತಗೊಳಿಸಬೇಕೆಂದು ಒತ್ತಾಯಿಸಿದರು. ಅಷ್ಟಕ್ಕೇ ನಿಲ್ಲದೆ, ಡಿ. ಎಸ್. ಕೊಠಾರಿಯವರ ನೇತೃತ್ವದಲ್ಲಿ ಅಣುಸ್ಫೋಟದ ಪರಿಣಾಮಗಳನ್ನು ಕುರಿತ ಒಂದು ಪುಸ್ತಕವನ್ನೇ ಬರೆಸಿದರು. ಸರ್ಕಾರದ ಪ್ರಕಟಣಾ ವಿಭಾಗ 1956ರಲ್ಲಿ ಅದನ್ನು ಹೊರತಂದಿತು. ಮುನ್ನುಡಿ ನೆಹರೂ ಅವರದೇ. ಸರ್ಕಾರವೊಂದು ತನ್ನ ವಿಜ್ಞಾನಿಗಳಿಂದ ಬರೆಸಿ, ಯಾರು ಬೇಕಾದರೂ ಕೊಂಡು ಓದಲೆಂದು ಅಚ್ಚು ಹಾಕಿಸಿದ ಪುಸ್ತಕ ಅದು ಎಂಬುದೇ ನನ್ನ ಮಟ್ಟಿಗೆ ಅದರ ದೊಡ್ಡ ಗುಣ.

ಆ ಕಾಲದ ಸಂಶೋಧನೆ ತಿಳಿಸಿದ್ದೇನು? ಬಾಂಬಿನ ಮೋಡ ಕೆಳಗಿನ ವಾಯುಮಂಡಲದಲ್ಲೇ ಉಳಿದರೆ ಕೆಲವೇ ವಾರಗಳಲ್ಲಿ ಮಳೆ ಅದನ್ನು ತೊಳೆದುಬಿಡುತ್ತದೆ. ಮೆಗಾಟನ್ ಬಾಂಬುಗಳ ಮೋಡವಾದರೋ ಸ್ತರಗೋಳಕ್ಕೇ ಏರಿಬಿಡುತ್ತದೆ. ಅಲ್ಲಿ ತೊಳೆಯಲು ಮಳೆಯಿಲ್ಲ. ಧೂಳಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷವನ್ನೂ ಮೀರಿ ಅಲ್ಲೇ ಸುತ್ತಿ, ಬಾಂಬು ಸಿಡಿಸಿದ ದೇಶಕ್ಕೆ ಸಂಬಂಧವೇ ಇಲ್ಲದ ನಾಡುಗಳ ಹೊಲಗಳ ಮೇಲೆ ಇಳಿಯುತ್ತದೆ. ಅದರಲ್ಲಿರುವ ಸ್ಟ್ರಾನ್ಷಿಯಂ-90 ಅರ್ಧದಷ್ಟಾಗಲು ಸುಮಾರು 29 ವರ್ಷ ಬೇಕು. ಗುಣದಲ್ಲಿ ಅದು ಸುಣ್ಣದ ಕ್ಯಾಲ್ಸಿಯಮ್ಮಿನ ದಾಯಾದಿ: ಹುಲ್ಲಿನಿಂದ ಹಾಲಿಗೆ, ಹಾಲಿನಿಂದ ಮಕ್ಕಳ ಹಲ್ಲಿಗೆ, ಮೂಳೆಗೆ ಸೇರಿಕೊಳ್ಳುತ್ತದೆ. ಸ್ತರಗೋಳದ ಗಾಳಿ ಹೇಗೆ ಚಲಿಸುತ್ತದೆಂಬ ನಮ್ಮ ತಿಳಿವಿನಲ್ಲಿ ಒಂದು ದೊಡ್ಡ ಪಾಲು ಈ ವಿಷಧೂಳಿಯ ಬೆನ್ನುಹತ್ತಿ ಪಡೆದದ್ದು ಎಂಬುದು ವಿಜ್ಞಾನಕ್ಕೆ ಅಷ್ಟೇನೂ ಹಿತವಾದ ಋಣವಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ದೇವೇಂದ್ರ ಲಾಲ್ ಮತ್ತವರ ಸಂಗಡಿಗರು ಇದೇ 1950ರ ದಶಕದಲ್ಲಿ ಮಳೆನೀರಿನಲ್ಲಿ ವಿಶ್ವಕಿರಣಗಳಿಂದ ಹುಟ್ಟಿದ ಬೆರಿಲಿಯಂ ಅನ್ನು ಗುರುತಿಸಿ, ಆಕಾಶವನ್ನು ಓದಲು ನಿರಪಾಯವಾದ ಇನ್ನೊಂದು ದಾರಿಯೂ ಉಂಟೆಂದು ತೋರಿಸಿಕೊಟ್ಟರು.

1963ರ ಒಪ್ಪಂದದ ನಂತರ ಅದಕ್ಕೆ ಸಹಿ ಹಾಕಿದ ರಾಷ್ಟ್ರಗಳ ಪ್ರಯೋಗಗಳು ನೆಲದಡಿಗೆ ಇಳಿದವು. ನಮ್ಮ 1974 ಮತ್ತು 1998ರ ಪೋಖ್ರಾನ್ ಸ್ಫೋಟಗಳೂ ನೆಲದಡಿಯವೇ. ಆಕಾಶದ ಚಿಂತೆ ಮುಗಿಯಿತೆಂದು ನಾವೂ ಮರೆತೆವು.

ಆದರೆ ಚಿಂತೆ ಬೇರೊಂದು ರೂಪದಲ್ಲಿ ಮರಳಿದೆ. ಭಾರತ–ಪಾಕಿಸ್ತಾನಗಳ ನಡುವೆ ಹಿರೋಷಿಮಾ ಗಾತ್ರದ ನೂರು ಬಾಂಬುಗಳು ಸಿಡಿದರೆ, ಉರಿಯುವ ನಗರಗಳಿಂದ 50 ಲಕ್ಷ ಟನ್ ಮಸಿ ಸ್ತರಗೋಳಕ್ಕೇರಿ, ಭೂಮಿಯ ಸರಾಸರಿ ಉಷ್ಣತೆ ಸುಮಾರು 1.25 ಡಿಗ್ರಿ ಇಳಿದು, ಮುಂಗಾರು ಕುಗ್ಗುವುದೆಂದು 2007ರಲ್ಲಿ ಅಲನ್ ರೋಬಾಕ್ ಮತ್ತು ಸಂಗಡಿಗರು ಲೆಕ್ಕ ಹಾಕಿದರು. ಓಜೋನ್ ಪದರಕ್ಕೂ ಭಾರಿ ಹಾನಿಯೆಂದು ಮರುವರ್ಷ ಇನ್ನೊಂದು ತಂಡ ತೋರಿಸಿತು. (ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರ ಬಳಿ ಕೆಲಸ ಮಾಡಿದ್ದ ಅನ್ನಾ ಮಣಿಯವರು ಹವಾಮಾನ ಇಲಾಖೆಗೆ ಸೇರಿ, ಓಜೋನ್ ಅಳೆಯುವ ದೇಶೀ ಉಪಕರಣವನ್ನು ರೂಪಿಸಿದ್ದರೆಂಬುದನ್ನು ಇಲ್ಲಿ ನೆನೆಯಬೇಕು.) ಈ ಲೆಕ್ಕ ನಿರ್ವಿವಾದವಲ್ಲ. ಅಷ್ಟೊಂದು ಮಸಿ ಅಷ್ಟು ಎತ್ತರಕ್ಕೆ ಏರಲಾರದೆಂದು ಲಾಸ್ ಅಲಮೋಸ್ ಪ್ರಯೋಗಾಲಯದವರು 2018ರಲ್ಲಿ ವಾದಿಸಿದರು. ಅವರು ಮಾದರಿಯಾಗಿ ತೆಗೆದುಕೊಂಡದ್ದು ಅಮೆರಿಕದ ಅಟ್ಲಾಂಟಾ ನಗರದ ಹೊರವಲಯವನ್ನು. ನಮ್ಮ ಪೇಟೆಗಳ ಇಕ್ಕಟ್ಟನ್ನು ಬಲ್ಲವರಿಗೆ ಆ ಮಾದರಿ ಎಷ್ಟು ಒಪ್ಪಿಗೆಯಾದೀತು? ನಮ್ಮ ಊರು, ನಮ್ಮ ಮುಂಗಾರುಗಳ ಲೆಕ್ಕವನ್ನು ಪರದೇಶದವರು ಹಾಕುವುದು, ಪರದೇಶದವರೇ ಅಲ್ಲಗಳೆಯುವುದು, ನಾವು ಮಾತ್ರ ಸುಮ್ಮನಿರುವುದು ನನಗೆ ಸರಿಕಾಣುವುದಿಲ್ಲ. ಪಾಷಾಣ್‌ನ ಸಂಸ್ಥೆಯಲ್ಲಿ ಮಹಾಗಣಕವಿದೆ, ಮುಂಗಾರಿನ ಮಾದರಿಗಳಿವೆ, ವಿದ್ವಾಂಸರಿದ್ದಾರೆ. ಸರ್ಕಾರ ಅವರಿಗೆ ಈ ಕೆಲಸವನ್ನು ಬಹಿರಂಗವಾಗಿ ವಹಿಸಬೇಕು. ಫಲಿತಾಂಶವನ್ನು 1956ರಲ್ಲಿ ಮಾಡಿದಂತೆಯೇ ಜನರ ಮುಂದಿಡಬೇಕು, ಈ ಸಲ ಜನರ ನುಡಿಗಳಲ್ಲಿಯೇ.

ನಮ್ಮ ರಾಜ್ಯೋತ್ಸವದ ಭಾಷಣಗಳಲ್ಲಿ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣ ಅವರ ಹೆಸರನ್ನು ಹೆಮ್ಮೆಯಿಂದ ಹೇಳುತ್ತೇವೆ. ಅದೇ ಉಸಿರಿನಲ್ಲಿ ಶಿವರಾಮ ಕಾರಂತರ ಹೆಸರನ್ನೂ. ಮೊದಲನೆಯವರು 1974ರ ಸ್ಫೋಟದ ಮುಂದಾಳು. ಎರಡನೆಯವರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಲೋಕಸಭೆಗೆ ಸ್ಪರ್ಧಿಸಿ ಸೋತವರು. ಇಬ್ಬರಿಗೂ ಚಪ್ಪಾಳೆ ತಟ್ಟುವ ನಾವು ಅವರ ನಡುವಿನ ಪ್ರಶ್ನೆಯನ್ನು ಎತ್ತಿಕೊಂಡದ್ದು ಕಡಿಮೆ. ಕಾರಂತರು ಒಬ್ಬರೇ ಕುಳಿತು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದರು. ಮಗರಪಟ್ಟಾದ ಕಚೇರಿಗಳಲ್ಲಿ ಇಂತಹ ಗಣಿತವನ್ನು ನಿರಾಯಾಸವಾಗಿ ಓದಬಲ್ಲ ಕನ್ನಡಿಗರು ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ನಾಲ್ವರು ಕೂಡಿ 2007ರ ಮತ್ತು 2018ರ ಪ್ರಬಂಧಗಳ ವಾದ–ಪ್ರತಿವಾದಗಳನ್ನು ಅಕ್ಕಪಕ್ಕದಲ್ಲಿಟ್ಟು, ನಲವತ್ತು ಪುಟಗಳ ಕನ್ನಡ ಪುಸ್ತಿಕೆಯೊಂದನ್ನು ಸಿದ್ಧಪಡಿಸಲಿ. ಅಚ್ಚಿನ ವೆಚ್ಚವನ್ನು ಸಂಘ ಭರಿಸಬಹುದು. ಈ ವರ್ಷದ ಆರ್ಕೆಸ್ಟ್ರಾ ಒಂದನ್ನು ಬಿಟ್ಟರೆ ಸಾಕು.