ಮೊದಲ ಸಾಲು, ಕೊನೇ ಸಾಲು ಓದಿದ್ರೆ ಸಾಕಾ?

ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಿ ಮಾಡಿದವರಿಗೆಲ್ಲ ಈ ಉಪದೇಶ ಸಿಕ್ಕೇ ಸಿಕ್ಕಿರುತ್ತೆ. ಪ್ಯಾಸೇಜ್ ಪೂರ್ತಿ ಓದ್ಬೇಡ, ಟೈಮ್ ಸಾಲಲ್ಲ, ಮೊದಲ ಸಾಲು ಕೊನೇ ಸಾಲು ನೋಡು, ಮುಖ್ಯ ವಿಷಯ ಅಲ್ಲೇ ಇರುತ್ತೆ ಅಂತ. ನಾನಿದನ್ನ ಒಪ್ಪಲ್ಲ. ಯಾಕೆ ಅನ್ನೋದಕ್ಕೆ ನಮ್ಮ ಯಾದಗಿರಿ ಕಡೆಯದೇ ಒಂದು ಪ್ಯಾಸೇಜ್ ಬರೆದಿದೀನಿ, ಓದಿ:

ವಿಜಯಪುರ ಆದಿಲ್‌ಶಾಹಿಗಳ ರಾಜಧಾನಿಯಾಗಿತ್ತು. ಅಲ್ಲಿನ ಗೋಲಗುಮ್ಮಟ 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಾಹನ ಗೋರಿ. ಆದರೆ ವಂಶದ ಮೂಲಪುರುಷ ಯೂಸುಫ್‌ನ ಗೋರಿ ಇರುವುದು ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಚಂದಾ ಹುಸೇನಿಯವರ ದರ್ಗಾದಲ್ಲಿ. ಗೋಲಗುಮ್ಮಟ ನೋಡಲು ಇಂದಿಗೂ ಜನ ಬರುತ್ತಾರೆ.

ಮೊದಲ ಸಾಲು, ಕೊನೇ ಸಾಲು ಮಾತ್ರ ಓದಿದವನು ಇದು ವಿಜಯಪುರದ ಪ್ರವಾಸದ ಬಗ್ಗೆ ಅಂತ ಟಿಕ್ ಹಾಕಿ ಬರ್ತಾನೆ. ಗೋಗಿ ಮಂಗಮಾಯ!

ಮುಖ್ಯ ಸಾಲು ಪತ್ತೆ ಮಾಡೋಕೆ ನನ್ನ ದಾರಿ ಬೇರೆ. ಒಂದೊಂದೇ ಸಾಲನ್ನ ಬೆರಳಲ್ಲಿ ಮುಚ್ಚಿ ಉಳಿದದ್ದನ್ನ ಓದಿ. (ನಾವು ಪ್ರೋಗ್ರಾಮಿನಲ್ಲಿ ಒಂದು ಸಾಲು ಕಾಮೆಂಟ್ ಮಾಡಿ ರನ್ ಮಾಡ್ತೀವಲ್ಲ, ಹಾಗೇ.) ಎರಡನೇ ಸಾಲು ಮುಚ್ಚಿದರೆ ಒಂದು ವಿವರ ಹೋಗುತ್ತೆ, ಅಷ್ಟೇ. ಮೂರನೇದು ಮುಚ್ಚಿದರೆ ಹೇಳಬೇಕಿದ್ದ ಮಾತೇ ಹೋಯ್ತು.

"ಆದರೆ" ಹುಡುಕಿದ್ರೆ ಸಾಕಲ್ವಾ ಅಂತೀರಾ? ಇದರಲ್ಲೇನೋ ಸಾಕು. "ವಿಜಯಪುರ ರಾಜಧಾನಿಯಾಗಿದ್ದರೂ ಯೂಸುಫ್‌ನ ಗೋರಿ ಇರುವುದು ಗೋಗಿಯಲ್ಲಿ" ಅಂತ ಬರೆದಿದ್ರೆ? ಬೇರೆ ಪದವೇ ಇಲ್ಲ, ಬರೀ ಒಂದು "ರೂ" ಬಾಲ! ಇಂಗ್ಲಿಷಿನಲ್ಲಿ ಅದೇ ಕೆಲಸಕ್ಕೆ ಆಲ್ದೋ ಅನ್ನೋ ಪದ ಹೆಚ್ಚಾಗಿ ವಾಕ್ಯದ ತಲೆಯ ಮೇಲೇ ಕೂತಿರುತ್ತೆ. ಕನ್ನಡ ಮೀಡಿಯಂ ಹುಡುಗರಿಗೆ ಈ ವ್ಯತ್ಯಾಸ ಯಾರೂ ಬಿಡಿಸಿ ಹೇಳಲ್ಲ.

ಇದು ಬರೀ ವ್ಯಾಕರಣದ ಚರ್ಚೆ ಅಲ್ಲ. ಯುಪಿಎಸ್‌ಸಿ ಪ್ರಿಲಿಮ್ಸ್‌ನ ಎರಡನೇ ಪತ್ರಿಕೆಯಲ್ಲಿ 2011ರಿಂದ ಪ್ಯಾಸೇಜುಗಳಿವೆ. 2015ರಿಂದ ಅದರಲ್ಲಿ ಶೇ. 33 ಬಂದರೆ ಸಾಕು, ಬರದಿದ್ರೆ ಮೊದಲ ಪತ್ರಿಕೆ ಎಷ್ಟೇ ಚೆನ್ನಾಗಿ ಮಾಡಿದ್ರೂ ಮನೆಗೇ. ಪ್ಯಾಸೇಜು ಅಚ್ಚಾಗೋದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಜಿಆರ್‌ಇನಲ್ಲಂತೂ ಇಂಥ ಕೆಲಸ ಮಾಡುವ ವಾಕ್ಯ ಯಾವುದು ಅಂತ ಕೇಳಿ, ಆ ವಾಕ್ಯದ ಮೇಲೇ ಕ್ಲಿಕ್ ಮಾಡಿಸೋ ಪ್ರಶ್ನೆಗಳಿವೆ.

ನಮ್ಮ ಹೈಸ್ಕೂಲುಗಳಲ್ಲಿ ಗದ್ಯಭಾಗ ಕೊಟ್ಟಾಗ ಮಕ್ಕಳು ಮಾಡೋದೇನು? ಪ್ರಶ್ನೆಯಲ್ಲಿರೋ ಪದ ಎಲ್ಲಿದೆ ಅಂತ ಹುಡುಕಿ ಆ ಸಾಲನ್ನ ಇಳಿಸಿಬಿಡೋದು. ಮಾರ್ಕ್ಸೂ ಬರುತ್ತೆ! "ಯಾವ ಸಾಲು ತೆಗೆದರೆ ಅರ್ಥ ಕೆಡುತ್ತೆ?" ಅನ್ನೋ ಪ್ರಶ್ನೆಯನ್ನ ಮೊದಲು ಕನ್ನಡ ಪಾಠದಲ್ಲೇ ಕೇಳಬೇಕು, ಆಮೇಲೆ ಇಂಗ್ಲಿಷಿಗೆ ಹೋಗಲಿ.

ನಿಮ್ಮ ಮನೇಲಿ ಹೈಸ್ಕೂಲ್ ಮಕ್ಕಳಿದ್ರೆ ಇವತ್ತಿನ ಪೇಪರಿನ ಒಂದು ಸುದ್ದಿ ಕೊಟ್ಟು, ಬೆರಳಲ್ಲಿ ಮುಚ್ಚಿಸಿ ನೋಡಿ. ಯಾವ ಸಾಲು ಸಿಕ್ತು ಅಂತ ನನಗೂ ಹೇಳಿ :-)