ಬಿಸಿಲಿಗೂ ಗೇಣಿ, ಬೆವರಿಗೆ ಬೆಲೆಯಿಲ್ಲ!

ಪಾವಗಡದ ಬಿಸಿಲಿನಿಂದ ವಿದ್ಯುತ್ತು ತೆಗೆಯುವುದನ್ನು ನಾವು ವಿರೋಧಿಸುವವರಲ್ಲ. ಕಲ್ಲಿದ್ದಲಿನ ಹೊಗೆ ನಿಲ್ಲಲೇಬೇಕು; ಅದರ ಮೊದಲ ಪೆಟ್ಟು ಬೀಳುವುದು ಬಡವನ ಮೇಲೆಯೇ. ನಮ್ಮ ಪ್ರಶ್ನೆ ಬೇರೆ: ಈ ಬೆಳಕಿನ ಲೆಕ್ಕದಲ್ಲಿ ಕೂಲಿಕಾರನ ಹೆಸರೆಲ್ಲಿದೆ?

ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕು ಎದ್ದಿದೆ. 2018ರಲ್ಲಿ ಉದ್ಘಾಟನೆಯೂ ಆಯಿತು. ಜಮೀನನ್ನು ಕಸಿದುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗೇಣಿ, ಎರಡು ವರ್ಷಕ್ಕೊಮ್ಮೆ ಶೇಕಡ 5ರ ಏರಿಕೆ ಎಂದು ಕರಾರಾಯಿತು. ಭೂಸ್ವಾಧೀನಕ್ಕಿಂತ ಇದು ಮೇಲು, ಒಪ್ಪಿದೆವು. ಆದರೆ ಹತ್ತು ಎಕರೆಯವನಿಗೆ ಹತ್ತು ಪಾಲು, ಎಕರೆಯೇ ಇಲ್ಲದವನಿಗೆ ಸೊನ್ನೆ! ಅದೇ ಹೊಲದಲ್ಲಿ ಕಡಲೆಕಾಯಿ ಕಿತ್ತು ಬದುಕಿದವನು, ಅದೇ ಬಯಲಲ್ಲಿ ಕುರಿ ಮೇಯಿಸಿದವನು ಇಂದು ಬೇಲಿಯ ಹೊರಗೆ ನಿಂತಿದ್ದಾನೆ.

ಪಂಡಿತರ ವರದಿಗಳು ಯೂನಿಟ್ಟಿನ ದರ ಅಳೆಯುತ್ತವೆ. ವಿದ್ಯುತ್ ವಿನಿಮಯ ಕೇಂದ್ರ ಒಂದು ದಿನವನ್ನು 96 ತುಂಡು ಮಾಡಿ ಕಾಲು ಗಂಟೆಗೊಂದು ಬೆಲೆ ಕಟ್ಟುತ್ತದೆ. ಕೂಲಿ ತಪ್ಪಿದವನ ಇಡೀ ದಿನಕ್ಕೆ ಬೆಲೆ ಕಟ್ಟುವವರು ಯಾರು?

1951ರಲ್ಲಿ ಕಾಗೋಡಿನ ಗೇಣಿದಾರರು ಸಿಡಿದೆದ್ದದ್ದು ಧಣಿಗಳ ದೊಡ್ಡ ಕೊಳಗದ ವಿರುದ್ಧ. ಉಳುವವನೇ ಹೊಲದೊಡೆಯ ಎಂದು ಅವರು ಜೈಲು ಸೇರಿದರು. ಇಂದು ಉಳುಮೆಯೇ ನಿಂತ ನೆಲದಲ್ಲಿ ಮತ್ತೆ ಕೊಳಗವನ್ನೇ ಪ್ರಶ್ನಿಸಬೇಕಾಗಿದೆ. ಮಾರಿದ ಪ್ರತಿ ಯೂನಿಟ್ಟಿನಲ್ಲೂ ಭೂಹೀನರ ಪಾಲು ಕಾನೂನಿನಲ್ಲೇ ನಮೂದಾಗಲಿ. ಪಾರ್ಕಿನ ಕಾಯಂ ಕೆಲಸ ಮೊದಲು ಅವರಿಗೇ ಸಿಗಲಿ. ನಾವು ಕೇಳುತ್ತಿರುವುದು ದಾನವಲ್ಲ, ಹಕ್ಕು.